ಯೋಗದ ಸಾರ್ ಉಸಿರು ಹಿಡಿದ ಭಾನುವಾರ

೨೦೦೭ರಲ್ಲಿ ನಾನು ಬಸವೇಶ್ವರನಗರದ ಒಂದು ಖಾಸಗಿ ಈಜುಕೊಳದಲ್ಲಿ ಹಿರಿಯ ಲೈಫ್‌ಗಾರ್ಡ್ ಆಗಿದ್ದೆ. ಕೊಳದ ಉದ್ದ ಇಪ್ಪತ್ತೈದು ಮೀಟರ್. ಒಂದು ತುದಿಯಲ್ಲಿ ನಾಲ್ಕಡಿ ಆಳ, ಇನ್ನೊಂದು ತುದಿಯಲ್ಲಿ ಹನ್ನೆರಡು ಅಡಿ. ಬೆಳಿಗ್ಗೆ ಮಕ್ಕಳ ಬ್ಯಾಚ್, ಹನ್ನೊಂದಕ್ಕೆ ಹೆಂಗಸರ ಬ್ಯಾಚ್, ಸಂಜೆ ಎಲ್ಲರ ಗದ್ದಲ. ನನ್ನ ಹೆಸರು ಪ್ರಮೀಳಾ. ಆದರೆ ಮಕ್ಕಳು ಬೆನ್ನ ಹಿಂದೆ ‘ಪೀಪಿ ಆಂಟಿ’ ಅನ್ನುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಸುಮ್ಮನೆ ಅನ್ನುತ್ತಿರಲಿಲ್ಲ ಬಿಡಿ. ಕೊಳದ ಅಂಚಿನಲ್ಲಿ ಓಡಿದರೆ ಪೀಪಿ, ತಳ್ಳಾಡಿದರೆ ಪೀಪಿ, ಚೂಯಿಂಗ್ ಗಮ್ ಜಗಿಯುತ್ತಾ ನೀರಿಗಿಳಿದರೆ ಎರಡು ಸಲ ಪೀಪಿ. ಕತ್ತಿಗೆ ಸೀಟಿ ನೇತುಹಾಕಿಕೊಂಡರೆ ನನಗೆ ತಾಳಿಗಿಂತ ಹೆಚ್ಚು ಧೈರ್ಯ ಬರುತ್ತಿತ್ತು. ಇದನ್ನು ನಮ್ಮ ಯಜಮಾನರ ಎದುರಿಗೇ ಹೇಳಿ ಬೈಸಿಕೊಂಡಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದಲ್ಲಿ, ಮದುವೆಯಾಗಿ ಸೇರಿದ್ದು ನಂದಿನಿ ಲೇಔಟಿಗೆ. ಕಾಲೇಜಿನ ದಿನಗಳಲ್ಲಿ ರಾಜ್ಯಮಟ್ಟದ ಸ್ಪರ್ಧೆಗಳಲ್ಲಿ ಈಜಿದ್ದೆ. ಆಮೇಲೆ ಲೈಫ್‌ಗಾರ್ಡ್ ತರಬೇತಿ ಪಡೆದೆ. ಈ ಕೆಲಸದ ಬಗ್ಗೆ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಮುಳುಗುವವರು ಕೈ ಮೇಲೆತ್ತಿ ‘ಕಾಪಾಡಿ, ಕಾಪಾಡಿ’ ಎಂದು ಕೂಗುತ್ತಾರೆ, ನಾವು ಧುಮುಕುತ್ತೇವೆ ಅಂದುಕೊಂಡಿದ್ದಾರೆ. ನಿಜದಲ್ಲಿ ಮುಳುಗುವವರು ಸದ್ದು ಮಾಡುವುದಿಲ್ಲ. ಪಕ್ಕದಲ್ಲೇ ನಗುತ್ತಿದ್ದವರು ಸುಮ್ಮನೆ ಕೆಳಗೆ ಹೋಗಿಬಿಡುತ್ತಾರೆ. ಹಾಗಾಗಿ ತಳದಲ್ಲಿ ಅಲುಗಾಡದ ದೇಹ ಕಂಡರೆ ಯೋಚಿಸಬೇಡ, ಧುಮುಕು, ಮೇಲಕ್ಕೆ ತಾ ಎಂಬುದು ನಮಗೆ ಕಲಿಸಿದ ಮೊದಲ ಪಾಠ. ಅಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೆ.

ಆ ವರ್ಷದ ಆರಂಭದಲ್ಲಿ ಅನೂಪ್ ಎಂಬ ಯುವಕ ನಮ್ಮ ಪೂಲಿಗೆ ಬಂದ. ವಿಜಯನಗರದ ಹುಡುಗ, ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್ ಕಲಿತು ಶಿಕ್ಷಕನಾಗಿ ಮರಳಿದ್ದ. ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ರೆಗ್ಯುಲೇಟರ್ ಎಂಬ ಕೊಳವೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ನೀರೊಳಗೇ ಉಸಿರಾಡುತ್ತಾ ಓಡಾಡುವ ವಿದ್ಯೆ. ಸಮುದ್ರಕ್ಕೆ ಇಳಿಯುವ ಮೊದಲು ಈಜುಕೊಳದಲ್ಲಿ ಅಭ್ಯಾಸ ಆಗಲೇಬೇಕು. ಭಾನುವಾರ ಮಧ್ಯಾಹ್ನ ಪೂಲ್ ಖಾಲಿ ಇರುವ ಹೊತ್ತಿನಲ್ಲಿ ಆಳದ ಭಾಗವನ್ನು ಅವನಿಗೆ ಕೊಡಲು ಮ್ಯಾನೇಜರ್ ಒಪ್ಪಿದರು. ಷರತ್ತು ಒಂದೇ: ನಮ್ಮ ಲೈಫ್‌ಗಾರ್ಡ್ ಹಾಜರಿರಬೇಕು. ಭಾನುವಾರದ ಊಟ ಬಿಟ್ಟು ಯಾರು ಬರುತ್ತಾರೆ? ನನ್ನ ತಲೆಗೇ ಕಟ್ಟಿದರು.

ಮೊದಲ ದಿನವೇ ಅನೂಪನನ್ನು ಅಡ್ಡಗಟ್ಟಿದೆ.

“ನೋಡಿ ಅನೂಪ್, ನಿಮ್ಮ ಜನ ತಳದಲ್ಲಿ ಮೊಣಕಾಲೂರಿ ಕೂತಿರ್ತಾರೆ, ಮಲಗಿರ್ತಾರೆ. ನಾನು ಮೇಲೆ ಕುರ್ಚಿ ಹಾಕ್ಕೊಂಡು ಕಡ್ಲೆಕಾಯಿ ತಿನ್ತಾ ಕೂತಿರ್ಬೇಕಾ? ಯಾರು ಪಾಠ ಕಲೀತಿದಾರೆ, ಯಾರ ಪ್ರಾಣ ಹೋಗ್ತಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?”

“ಬಬಲ್ಸ್ ನೋಡ್ತಾ ಇರಿ ಮೇಡಂ, ಅಷ್ಟೇ.”

“ಅಷ್ಟೇ ಅಂದ್ರೆ ಆಗಲ್ಲಪ್ಪಾ. ಮೊದಲು ನಂಗೆ ಪಾಠ ಮಾಡು, ಆಮೇಲೆ ಅವ್ರಿಗೆ.”

ಬಹುವಚನದಿಂದ ಏಕವಚನಕ್ಕೆ ಇಳಿದದ್ದನ್ನು ಕೇಳಿ ಅವನು ನಕ್ಕುಬಿಟ್ಟ. ಒಳ್ಳೆಯ ಹುಡುಗ. ಕೂತು ಎಲ್ಲವನ್ನೂ ಹೇಳಿದ. ಸ್ಕೂಬಾದಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ, ಯಾವ ಕಾರಣಕ್ಕೂ ಉಸಿರು ಹಿಡಿಯಬಾರದು. ಆಳದಲ್ಲಿ ನೀರಿನ ಒತ್ತಡ ಹೆಚ್ಚು. ಅಲ್ಲಿ ಸಿಲಿಂಡರಿನಿಂದ ಎದೆ ತುಂಬ ಎಳೆದುಕೊಂಡ ಗಾಳಿ, ಮೇಲಕ್ಕೆ ಬಂದಂತೆ ಹಿಗ್ಗುತ್ತದೆ. ಬಾಯಿ ತೆರೆದು ಬಿಟ್ಟರೆ ಸರಿ. ಬಿಗಿಹಿಡಿದು ಮೇಲೆ ಬಂದರೆ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಶ್ವಾಸಕೋಶ ಉಬ್ಬಿ ಹರಿಯಬಹುದು. ಅದಕ್ಕೆ ಸಮುದ್ರವೇ ಬೇಕಿಲ್ಲ, ನಮ್ಮ ಹನ್ನೆರಡು ಅಡಿ ಸಾಕು.

ಆಳವಿಲ್ಲದ ಕಡೆ ನಿಂತು ನಾನು ಮಕ್ಕಳಿಗೆ ಕಲಿಸುವ ಮೊದಲ ಮಾತು ‘ಉಸಿರು ಹಿಡಿದು ತಲೆ ಮುಳುಗಿಸು’. ಅದೇ ನೀರಿನ ಇನ್ನೊಂದು ತುದಿಯಲ್ಲಿ ಇವನು ಕಲಿಸುವುದು ‘ಉಸಿರು ಹಿಡೀಬೇಡ’. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದ ಹಾಗಾಯಿತು. ಇನ್ನೂ ಮುಖ್ಯವಾದದ್ದೆಂದರೆ, ಕಾಪಾಡುತ್ತೇನೆಂದು ನಾನು ಯಾರನ್ನಾದರೂ ತಳದಿಂದ ಸರಕ್ಕನೆ ಮೇಲೆಳೆದರೆ ನಾನೇ ಅವರಿಗೆ ಯಮನಾಗಬಹುದು. ಎಳೆಯುವ ಮೊದಲು ಗುಳ್ಳೆ ಬರುತ್ತಿದೆಯೇ ನೋಡಬೇಕು, ಬಾಯಿಂದ ರೆಗ್ಯುಲೇಟರ್ ಬೀಳದ ಹಾಗೆ ಹಿಡಿಯಬೇಕು, ನಿಧಾನವಾಗಿ ತರಬೇಕು. ಅದನ್ನೆಲ್ಲ ಅವನ ಜೊತೆ ಮತ್ತೆ ಮತ್ತೆ ಅಭ್ಯಾಸ ಮಾಡಿದೆ.

ನನ್ನ ಸೀಟಿಗೂ ಅಲ್ಲಿ ಬೆಲೆಯಿರಲಿಲ್ಲ. ನೀರಿನ ಕೆಳಗೆ ಅದು ಕೇಳಿಸುವುದೇ ಇಲ್ಲ. ಆದರೆ ಲೋಹದ ಮೇಲೆ ಲೋಹ ಬಡಿದರೆ ಚೆನ್ನಾಗಿ ಕೇಳಿಸುತ್ತದೆ. ಮುಂದಿನ ಭಾನುವಾರ ಮನೆಯಿಂದ ನಮ್ಮಮ್ಮನ ಹಳೆಯ ಹಿತ್ತಾಳೆ ಸೌಟು ತಂದೆ, ಹುಳಿ ಬಡಿಸುವುದು. ಆಳದ ತುದಿಯ ಸ್ಟೀಲ್ ಏಣಿಗೆ ಅದರಿಂದ ಟಣ್ ಟಣ್ ಎಂದು ಮೂರು ಸಲ ಬಡಿದರೆ ಎಲ್ಲರೂ ಮಾಡುತ್ತಿರುವುದನ್ನು ಬಿಟ್ಟು ಅನೂಪನ ಕಡೆ ನೋಡಬೇಕು ಎಂದು ಗೊತ್ತುಮಾಡಿದೆವು. ಮ್ಯಾನೇಜರ್ ಸೌಟು ನೋಡಿ “ಏನ್ ಮೇಡಂ, ಪೂಲಲ್ಲಿ ಅನ್ನ ಸಂತರ್ಪಣೆನಾ?” ಎಂದು ಕಿಚಾಯಿಸಿದರು. ನಗಲಿ ಎಂದು ಸೌಟನ್ನು ಏಣಿಯ ಪಕ್ಕದಲ್ಲೇ ಇಟ್ಟೆ.

ಆ ಬ್ಯಾಚಿನಲ್ಲಿ ಮೂವರು ಶಿಷ್ಯರು. ಇಬ್ಬರು ಕಾಲೇಜು ವಿದ್ಯಾರ್ಥಿಗಳು. ಮೂರನೆಯವರು ಕೊಟ್ರೇಶಪ್ಪನವರು, ವಯಸ್ಸು ಅರವತ್ತು ದಾಟಿತ್ತು. ದಾವಣಗೆರೆ ಕಡೆಯವರು, ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾಗಿ ಅತ್ತಿಗುಪ್ಪೆಯಲ್ಲಿ ಮನೆ ಮಾಡಿಕೊಂಡಿದ್ದರು. ಮನೆಯ ಹತ್ತಿರದ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಯೋಗ ಹೇಳಿಕೊಡುತ್ತಿದ್ದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಬೆತ್ತದಂಥ ನೇರ ಬೆನ್ನು. ಎಲ್ಲರೂ ‘ಯೋಗದ ಸಾರ್’ ಎಂದೇ ಕರೆಯುತ್ತಿದ್ದರು. ವೈದ್ಯರ ಸರ್ಟಿಫಿಕೇಟ್ ತಂದುಕೊಟ್ಟಾಗ ಅನೂಪನ ಕಣ್ಣೇ ಅರಳಿತು, ಆ ವಯಸ್ಸಿಗೆ ಅಂಥ ಆರೋಗ್ಯ.

ಈ ವಯಸ್ಸಿನಲ್ಲಿ ಇದೇನು ಹುಚ್ಚು ಸಾರ್ ಎಂದು ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ.

“ಸರ್ವೀಸೆಲ್ಲ ಅಣೆಕಟ್ಟು, ಕಾಲುವೆ ಅಂತ ಕಳೆದೆನಮ್ಮಾ. ಗೇಟಿನ ಕೆಳಗೆ ಏನಾಗೈತಿ ಅಂತ ನೋಡೋಕೆ ಮುಳುಗೋರನ್ನ ಕರೆಸ್ತಿದ್ವಿ. ಅವ್ರು ಮೇಲೆ ಬಂದು ಹಿಂಗಿದೆ ಸಾರ್ ಅನ್ನೋರು, ನಾನು ನಂಬಿ ಸಹಿ ಹಾಕೋನು. ನೀರಿನ ಮೇಲೇ ನಿಂತು ರಿಟೈರ್ ಆದೆ. ಒಂದ್ಸಲನಾದ್ರೂ ಒಳಗೆ ಹೋಗಿ ನನ್ನ ಕಣ್ಣಲ್ಲೇ ನೋಡ್ಬೇಕು” ಅಂದರು.

ಆಸೆ ನನಗೆ ಬಹಳ ಹಿಡಿಸಿತು. ಆದರೆ ಅವರ ಹೆಂಡತಿ ಗೌರಮ್ಮನವರಿಗೆ ಹಿಡಿಸಿರಲಿಲ್ಲ. ಪ್ರತಿ ಭಾನುವಾರ ಗಂಡನ ಜೊತೆ ಬಂದು, ಜೀರಿಗೆ ಕಷಾಯದ ಫ್ಲಾಸ್ಕ್ ಇಟ್ಟುಕೊಂಡು, ನನ್ನ ಕುರ್ಚಿಯ ಪಕ್ಕದಲ್ಲೇ ಕೂರುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಅನೂಪ್ ತನ್ನ ಶಿಷ್ಯರನ್ನು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯುವವನಿದ್ದ. ಗೌರಮ್ಮ ಮೊದಲ ದಿನವೇ ನನ್ನ ಕೈ ಹಿಡಿದು ಹೇಳಿದರು:

“ಆ ಹುಡುಗ ಇವ್ರನ್ನ ಹೊಗಳಿ ಹೊಗಳಿ ಅಟ್ಟಕ್ಕೆ ಏರಿಸ್ತಾನ್ರೀ. ನಂಗೆ ನಂಬಿಕೆ ಇಲ್ಲ. ನೀವು ಹೂಂ ಅಂದ್ರೆ ಮಾತ್ರ ಸಮುದ್ರಕ್ಕೆ ಕಳಿಸ್ತೀನಿ. ನೀವು ಬ್ಯಾಡ ಅಂದ್ರೆ ಅಲ್ಲಿಗೆ ಮುಗೀತು.”

ಈ ಭಾರ ನನಗೆ ಬೇಕಿರಲಿಲ್ಲ. ಆದರೆ ಕೈ ಹಿಡಿದುಕೊಂಡು ಕೇಳಿದವರಿಗೆ ಏನು ಹೇಳುವುದು? ಆಗಲಿ ಎಂದೆ.

ಮೊದಲ ಪಾಠದ ಕೊನೆಯಲ್ಲಿ ಅನೂಪ್ ಎಲ್ಲರ ಸಿಲಿಂಡರ್ ಪರೀಕ್ಷಿಸಿದ. ಕಾಲೇಜಿನವರದು ಬಹುಪಾಲು ಖಾಲಿ. ಹೊಸಬರು ಗಾಬರಿಯಲ್ಲಿ ಗಾಳಿಯನ್ನು ಗಬಗಬ ನುಂಗುತ್ತಾರೆ. ಕೊಟ್ರೇಶಪ್ಪನವರದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. “ಸಾರ್, ನೀವು ನ್ಯಾಚುರಲ್ ಡೈವರ್!” ಎಂದು ಹುಡುಗ ಕುಣಿದಾಡಿದ. ಯೋಗದ ಸಾರ್ ಗಂಭೀರವಾಗಿ ಮೀಸೆ ತಿರುವಿದರು.

ನನಗೆ ಮಾತ್ರ ಏನೋ ಸರಿಯೆನಿಸಲಿಲ್ಲ. ಮೇಲೆ ಕೂತು ಗುಳ್ಳೆ ನೋಡುವುದೊಂದೇ ನನ್ನ ಕೆಲಸ. ಮಿಕ್ಕವರ ಗುಳ್ಳೆಗಳು ಒಂದೇ ಸಮ ಬುಸ್ ಬುಸ್ ಎಂದು ಏಳುತ್ತಿದ್ದವು. ಇವರದು ಒಂದು ದೊಡ್ಡ ಗೊಂಚಲು ಬರುತ್ತಿತ್ತು, ಆಮೇಲೆ ನೀರು ಸ್ತಬ್ಧ, ಮತ್ತೆ ಒಂದು ಗೊಂಚಲು. ಆ ಸ್ತಬ್ಧದ ಹೊತ್ತಿನಲ್ಲಿ ಪ್ರತಿ ಸಲವೂ ನಾನು ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಅನೂಪನಿಗೆ ಹೇಳಿದರೆ, “ಸ್ಲೋ ಬ್ರೀದಿಂಗ್ ಒಳ್ಳೇದೇ ಮೇಡಂ, ಎಕ್ಸ್‌ಪೀರಿಯನ್ಸ್ ಇರೋರು ಹಾಗೇ ಮಾಡ್ತಾರೆ” ಅಂದ. ಯೋಗದ ಸಾರನ್ನೇ ಕೇಳಿದೆ.

“ಸಾರ್, ನೀರೊಳಗೆ ಉಸಿರು ಹಿಡೀತಿದೀರಾ?”

“ಛೆ ಛೆ, ಎಲ್ಲಾದ್ರೂ ಉಂಟಾ? ಮೊದಲ ನಿಯಮ ಅದೇ ಅಲ್ವೇನಮ್ಮಾ!”

ಸುಳ್ಳು ಹೇಳುವ ಮನುಷ್ಯರಲ್ಲ. ಸತ್ಯ ಸಿಕ್ಕಿದ್ದು ಗೌರಮ್ಮನವರ ಬಾಯಿಂದ, ಕಷಾಯ ಬಗ್ಗಿಸಿಕೊಡುತ್ತಾ ಅವರು ಯಾವುದೋ ಮಾತಿಗೆ ಹೇಳಿದ್ದು.

“ಮೂವತ್ತು ವರ್ಷದಿಂದ ಪ್ರಾಣಾಯಾಮ ಮಾಡಿ ಮಾಡಿ ಇವ್ರಿಗೆ ಉಸಿರಾಡೋದೇ ಮರ್ತುಹೋಗೈತ್ರೀ. ಪೇಪರ್ ಓದ್ತಾ ಕೂತ್ರೆ ಉಸಿರು ನಿಂತಿರ್ತದೆ. ಟಿವಿ ನೋಡ್ತಾ ನಿಂತಿರ್ತದೆ. ರಾತ್ರಿ ಮಲಗಿದಾಗಂತೂ ನಾನು ಮೂಗಿನ ಹತ್ರ ಬೆರಳಿಟ್ಟು ನೋಡ್ತೀನಿ, ಅದಾರೋ ಇಲ್ವೋ ಅಂತ.”

ಗ್ಲಾಸು ಕೆಳಗಿಟ್ಟೆ. ಯೋಗದಲ್ಲಿ ಉಸಿರು ಎಳೆದುಕೊಂಡು ಒಳಗೆ ನಿಲ್ಲಿಸುವುದಕ್ಕೆ ಕುಂಭಕ ಅನ್ನುತ್ತಾರೆ. ಪಾರ್ಕಿನಲ್ಲಿ ನಾಲ್ಕು ಜನ ಕೈಮುಗಿಯುವಂಥ ಆ ಸಾಧನೆ ನೀರೊಳಗೆ ಅವರಿಗೇ ಅಪಾಯ. ಅದೂ ಅವರು ಬೇಕೆಂದು ಮಾಡುತ್ತಿರಲಿಲ್ಲ, ತಾನಾಗಿಯೇ ಆಗಿಹೋಗುತ್ತಿತ್ತು. ಆ ದಿನದ ಪಾಠ ಮುಗಿದ ಮೇಲೆ ಅನೂಪನಿಗೆ ಖಡಾಖಂಡಿತವಾಗಿ ಹೇಳಿದೆ. ಅವನೂ ಗಂಭೀರನಾದ. ಮುಂದಿನ ಭಾನುವಾರ ನೀರಿಗಿಳಿಯುವ ಮೊದಲು ಯೋಗದ ಸಾರಿಗೆ ಬಿಡಿಸಿ ಬಿಡಿಸಿ ಹೇಳಿದ. ಅವರು ಮಗುವಿನ ಹಾಗೆ ತಲೆಯಾಡಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕಲಿತ ಗುಣವೂ ಮೂವತ್ತು ವರ್ಷವಾದರೆ ಹಾಗೇ ಆಗುತ್ತದೆ.

ಆ ದಿನದ ಪಾಠ, ತಳದಲ್ಲಿ, ಕಣ್ಣು ಮೂಗು ಮುಚ್ಚುವ ಮಾಸ್ಕಿನೊಳಗೆ ನೀರು ನುಗ್ಗಿದರೆ ಅದನ್ನು ಹೊರಹಾಕುವುದು. ಮೂವರೂ ಹನ್ನೆರಡು ಅಡಿಯಲ್ಲಿ ಮೊಣಕಾಲೂರಿ ಕೂತರು. ಯೋಗದ ಸಾರ್ ಏಣಿಯ ಪಕ್ಕದಲ್ಲಿದ್ದರು. ಮೊದಲ ಸರದಿ ಅವರದೇ. ಸಲೀಸಾಗಿ ಮುಗಿಸಿದರು, ಗುಳ್ಳೆಗಳೂ ಸರಿಯಾಗಿ ಬರುತ್ತಿದ್ದವು. ಆಮೇಲೆ ಕಾಲೇಜಿನ ಹುಡುಗಿಯ ಸರದಿ. ಅವಳ ಮೂಗಿಗೆ ನೀರು ಹೋಗಿ ಒದ್ದಾಡಿದಳು. ಅನೂಪ್ ಅವಳ ಎರಡೂ ತೋಳು ಹಿಡಿದು ಸಮಾಧಾನ ಮಾಡುತ್ತಿದ್ದ. ಅವನ ಬೆನ್ನು ಯೋಗದ ಸಾರ್ ಕಡೆಗಿತ್ತು.

ಕಾಯುತ್ತಾ ಕೂತ ಯೋಗದ ಸಾರ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ನೋಡುತ್ತಿದ್ದ ಹಾಗೆ ಅವರ ಗುಳ್ಳೆಗಳು ನಿಂತವು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಎದೆ ತುಂಬ ಗಾಳಿಯಿದ್ದರೆ ದೇಹ ಹಗುರಾಗುತ್ತದೆ. ಅವರ ಮೊಣಕಾಲು ನೆಲ ಬಿಟ್ಟಿತು. ಕೂತ ಭಂಗಿಯಲ್ಲೇ, ಕಣ್ಣು ಮುಚ್ಚಿಕೊಂಡು, ಮೆಲ್ಲಗೆ ಮೇಲೆ ಬರತೊಡಗಿದರು. ಒಂದು ಗುಳ್ಳೆ ಇಲ್ಲ.

ಸೌಟೆತ್ತಿ ಏಣಿಗೆ ಬಡಿದೆ. ಅನೂಪ್ ತಿರುಗಿದ, ಆದರೆ ಆ ಹುಡುಗಿ ಅವನನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ಬಿಟ್ಟು ಬರುವಂತಿರಲಿಲ್ಲ. ಯೋಗದ ಸಾರಿಗೆ ಕೇಳಿಸಿದ ಲಕ್ಷಣವೇ ಇಲ್ಲ, ಮುಖದ ಮೇಲೆ ಧ್ಯಾನದ ಕಳೆ ಬೇರೆ. ಸೌಟು ಬಿಸಾಡಿ ಧುಮುಕಿದೆ.

ಅರ್ಧ ದಾರಿಯಲ್ಲಿ ಅವರು ಎದುರಾದರು. ಅಷ್ಟು ವರ್ಷದ ನನ್ನ ಕೈ ತಾನಾಗಿಯೇ ಅವರ ಕಂಕುಳ ಕೆಳಗೆ ಹೋಗಿ ಮೇಲೆತ್ತಲು ಹೊರಟಿತು. ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಕೈಯಲ್ಲಿ ಏಣಿಯ ಕೊನೆಯ ಮೆಟ್ಟಿಲು ಹಿಡಿದು, ಇನ್ನೊಂದು ಕೈಯಲ್ಲಿ ಸಿಲಿಂಡರ್ ಕಟ್ಟಿದ್ದ ಅವರ ಜಾಕೆಟ್ಟಿನ ಪಟ್ಟಿ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೆಳಕ್ಕೆ ಜಗ್ಗಿದೆ. ನಾನು ಮೇಲಿನ ಗಾಳಿ ಎಳೆದುಕೊಂಡು ಇಳಿದವಳು, ಉಸಿರು ಹಿಡಿದರೆ ನನಗೆ ತೊಂದರೆಯಿಲ್ಲ. ತಳದ ಗಾಳಿ ಎದೆಯಲ್ಲಿಟ್ಟುಕೊಂಡಿದ್ದ ಅವರಿಗೆ ಇತ್ತು. ಅವರು ನಿಂತರು, ಆದರೆ ಕಣ್ಣು ಬಿಡಲಿಲ್ಲ. ಮೊಣಕಾಲಿನಿಂದ ಅವರ ಹೊಟ್ಟೆಯನ್ನು ಒತ್ತಿದೆ. ಕಣ್ಣು ಬಿಟ್ಟರು. ಮಾಸ್ಕಿನೊಳಗೆ ಆ ಕಣ್ಣುಗಳು ಇಷ್ಟಗಲವಾದವು. ಆಮೇಲೆ ಬುಳುಬುಳು ಬುಳುಬುಳು ಎಂದು ಗುಳ್ಳೆಗಳ ದೊಡ್ಡ ರಾಶಿ ನನ್ನ ಮುಖಕ್ಕೇ ಬಂತು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ್ದನ್ನು ನಾನು ನೋಡಿಲ್ಲ. ಅಷ್ಟರಲ್ಲಿ ಅನೂಪ್ ಬಂದು ಅವರನ್ನು ಹಿಡಿದುಕೊಂಡ, ನಾನು ಮೇಲೆ ಬಂದೆ.

ಮೇಲೆ ಬೇರೆಯೇ ನಾಟಕ ನಡೆದಿತ್ತು. ಗೌರಮ್ಮ ಅಂಚಿನಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಅವರಿಗೆ ಕಂಡದ್ದು ಇಷ್ಟು: ಗಂಡ ತನ್ನ ಪಾಡಿಗೆ ಮೇಲೆ ಬರುತ್ತಿದ್ದಾರೆ, ನಾನು ಹೋಗಿ ಹಿಡಿದು ಕೆಳಕ್ಕೆ ಅದುಮುತ್ತಿದ್ದೇನೆ.

“ಏನಮ್ಮಾ ನೀನು! ಮುಳುಗೋರನ್ನ ಎತ್ತು ಅಂತ ನಿನ್ನ ಇಟ್ಟಿರೋದೋ, ಮುಳುಗ್ಸು ಅಂತ ಇಟ್ಟಿರೋದೋ? ಹಾಳಾದೋಳೇ, ನಿನ್ನ ನಂಬಿದ್ನಲ್ಲೇ!”

ನಾನು ಏಣಿ ಹಿಡಿದು ಏದುಸಿರು ಬಿಡುತ್ತಿದ್ದೆ. ಆ ಹೊತ್ತಿಗೆ ಅನೂಪನ ಜೊತೆ ಯೋಗದ ಸಾರ್ ನಿಧಾನವಾಗಿ ಮೇಲೆ ಬಂದರು. ಮಾಸ್ಕ್ ತೆಗೆದರು. ಮುಖದಲ್ಲಿ ತೇಜಸ್ಸು ತುಂಬಿತ್ತು.

“ಎಂಥಾ ಶಾಂತಿ ಗೌರೀ!” ಅಂದರು. ನನ್ನ ಕಡೆ ತಿರುಗಿ, “ಗಂಟೆ ಬಾರಿಸಿದ ಹಂಗೆ ಕೇಳಿಸ್ತಮ್ಮಾ. ಮಹಾಮಂಗಳಾರತಿ ಆಗ್ತೈತೇನೋ ಅನ್ನಿಸ್ತು. ಇನ್ನೂ ಒಂಚೂರು ಒಳಗೆ ಹೋದೆ.”

ನನ್ನ ಪಿತ್ತ ನೆತ್ತಿಗೇರಿತು. “ಸಾರ್, ಅದು ಮಂಗಳಾರತಿ ಅಲ್ಲ, ನಮ್ಮಮ್ಮನ ಸೌಟು! ಇನ್ನೊಂದು ಸ್ವಲ್ಪ ಬಿಟ್ಟಿದ್ರೆ ನಿಜವಾದ ಮಂಗಳಾರತಿನೇ ಆಗ್ತಿತ್ತು!” ಎಂದು ಕೂಗಿಬಿಟ್ಟೆ. ಅಷ್ಟು ದೊಡ್ಡವರಿಗೆ ಹಾಗೆ ಅಂದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಎದೆ ನೋವಿಲ್ಲ, ಕೆಮ್ಮಿಲ್ಲ, ಆದರೂ ಸುಮ್ಮನೆ ಬಿಡುವ ಹಾಗಿರಲಿಲ್ಲ. ಅನೂಪನೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ. ಶ್ವಾಸಕೋಶ ಚೆನ್ನಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಅನೂಪ್ ಗೌರಮ್ಮನವರಿಗೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದನಂತೆ. ಮಾರನೆಯ ದಿನ ಅವರು ಫೋನ್ ಮಾಡಿ ಒಂದೇ ಸಮ ಅತ್ತರು, ಬೈದದ್ದಕ್ಕೆ ಕ್ಷಮೆ ಕೇಳಿದರು, ಕೊನೆಗೆ ಅಂದರು: “ನೀವು ಬ್ಯಾಡ ಅಂದುಬಿಡ್ರೀ. ನಾನಂದ್ರೆ ಕೇಳಲ್ಲ, ನೀವಂದ್ರೆ ಕೇಳ್ತಾರೆ.”

ಅನೂಪನೂ ಹಿಂಜರಿದ. “ರಿಸ್ಕ್ ಬೇಡ ಮೇಡಂ. ಬೈದು ತಿದ್ದೋ ಅಭ್ಯಾಸ ಅಲ್ಲ ಇದು” ಅಂದ. ಬೇಡ ಎಂಬ ಒಂದು ಮಾತು ಹೇಳಿದರೆ ನನ್ನ ಭಾರ ಇಳಿಯುತ್ತಿತ್ತು. ಹೇಳಲೆಂದೇ ಆ ವಾರ ಬೆಳಿಗ್ಗೆ ಸ್ಕೂಟಿ ಹತ್ತಿ ಅತ್ತಿಗುಪ್ಪೆಯ ಪಾರ್ಕಿಗೆ ಹೋದೆ.

ಯೋಗದ ತರಗತಿ ನಡೆದಿತ್ತು. ಮುಗಿಯಲಿ ಎಂದು ಹಿಂದಿನ ಸಾಲಿನಲ್ಲಿ ಕೂತೆ. ಯೋಗದ ಸಾರ್ ನನ್ನನ್ನು ನೋಡಿದರು, ಯಾಕೆ ಬಂದಿದ್ದೇನೆಂದು ಅವರಿಗೆ ಅರ್ಥವಾಯಿತು. ಬೆತ್ತದಂಥ ಬೆನ್ನು ಸ್ವಲ್ಪ ಬಾಗಿದ್ದು ನನಗೆ ಕಂಡಿತು. ಆದರೂ ಪಾಠ ನಿಲ್ಲಿಸಲಿಲ್ಲ ಅವರು. “ಈಗ ಭ್ರಾಮರಿ” ಅಂದರು.

ಎಲ್ಲರೂ ಕಿವಿ ಮುಚ್ಚಿಕೊಂಡು ದುಂಬಿಯ ಹಾಗೆ ‘ಊಂ’ ಎಂದು ಗುನುಗತೊಡಗಿದರು. ಇಡೀ ಪಾರ್ಕೇ ಝೇಂಕರಿಸಿತು. ಬೀದಿನಾಯಿಯೊಂದು ಗಾಬರಿಯಾಗಿ ಬೊಗಳಿತು. ನನಗೆ ನಗು ಬಂತು, ತಡೆದುಕೊಂಡು ನಾನೂ ಗುನುಗಿದೆ. ಗುನುಗುವಾಗ ಸಹಜವಾಗಿ ಹೊಟ್ಟೆಯ ಮೇಲೆ ಕೈಯಿಟ್ಟೆ. ಸದ್ದು ಇರುವಷ್ಟು ಹೊತ್ತೂ ಹೊಟ್ಟೆ ಒಳಗೆ ಹೋಗುತ್ತಲೇ ಇತ್ತು. ಗುನುಗುತ್ತಾ ಉಸಿರು ಹಿಡಿಯಲು ಪ್ರಯತ್ನಿಸಿ ನೋಡಿದೆ. ಆಗುವುದೇ ಇಲ್ಲ! ಸದ್ದು ಇದೆ ಅಂದರೆ ಗಾಳಿ ಹೊರಗೆ ಹೋಗುತ್ತಿದೆ ಅಂತಲೇ ಅರ್ಥ.

ತರಗತಿ ಮುಗಿಯುವುದನ್ನೂ ಕಾಯದೆ ಎದ್ದು ನಿಂತೆ.

“ಸಾರ್! ಇದನ್ನ ನೀರೊಳಗೆ ಮಾಡೋಕಾಗುತ್ತಾ?”

ಇಡೀ ತರಗತಿ ನನ್ನ ಕಡೆ ತಿರುಗಿತು. ಯೋಗದ ಸಾರ್ ಜೇಬಿನಿಂದ ಕರವಸ್ತ್ರ ತೆಗೆದು, ಮಡಿಚಿ, ರೆಗ್ಯುಲೇಟರಿನ ಹಾಗೆ ಹಲ್ಲಲ್ಲಿ ಕಚ್ಚಿಕೊಂಡು ಗುನುಗಿದರು. ಕರವಸ್ತ್ರ ತೆಗೆದು, “ಆಗ್ತೈತಲ್ಲಮ್ಮಾ!” ಅಂದರು. ಬೆನ್ನು ಮತ್ತೆ ನೆಟ್ಟಗಾಯಿತು.

ಉಸಿರು ಹಿಡಿಯಬೇಡಿ ಅಂದರೆ ಅವರಿಗೆ ಏನು ಮಾಡಬಾರದು ಎಂದು ತಿಳಿಯುತ್ತಿತ್ತು, ಏನು ಮಾಡಬೇಕು ಎಂದು ತಿಳಿಯುತ್ತಿರಲಿಲ್ಲ. ಕುಂಭಕದ ಜಾಗದಲ್ಲಿ ಅವರದೇ ಇನ್ನೊಂದು ವಿದ್ಯೆ ತಂದು ಕೂರಿಸಬೇಕಿತ್ತು. ಅನೂಪ್ ಕೇಳಿ ಹಣೆ ಚಚ್ಚಿಕೊಂಡ. “ಮೇಡಂ, ಗಾಳಿ ಖಾಲಿಯಾದಾಗ ‘ಆ’ ಅಂತ ಸದ್ದು ಮಾಡ್ತಾ ಮೇಲೆ ಬನ್ನಿ ಅಂತ ನಾವೇ ಕಲಿಸ್ತೀವಿ. ನಂಗೆ ಹೊಳೀಲೇ ಇಲ್ವಲ್ಲಾ!” ಒಂದು ತಿದ್ದುಪಡಿ ಮಾತ್ರ ಮಾಡಿದ. ಭ್ರಾಮರಿಯಲ್ಲಿ ಗಾಳಿ ಮೂಗಿನಿಂದ ಹೋಗುತ್ತದೆ, ನೀರೊಳಗೆ ಹಾಗೆ ಮಾಡಿದರೆ ಮಾಸ್ಕಿನೊಳಗೆ ತುಂಬಿಕೊಳ್ಳುತ್ತದೆ. ಆದ್ದರಿಂದ ಬಾಯಲ್ಲೇ ಬಿಡಬೇಕು. ಉಸಿರು ಎಳೆದ ತಕ್ಷಣ ಗುನುಗು ಶುರು, ಗುನುಗು ಮುಗಿದ ತಕ್ಷಣ ಮತ್ತೆ ಉಸಿರು. ನಡುವೆ ನಿಲ್ಲುವ ಮಾತೇ ಇಲ್ಲ.

ಮೊದಲು ನಾಲ್ಕಡಿ ನೀರಿನಲ್ಲಿ, ನನ್ನ ಕಣ್ಣೆದುರಿಗೆ ಅಭ್ಯಾಸ ಮಾಡಿದರು. ಮನೆಯಲ್ಲೂ ಮಾಡಬೇಕು ಎಂದು ನಾನೇ ಕಟ್ಟುನಿಟ್ಟು ಮಾಡಿದೆ: ಪೇಪರ್ ಓದುವಾಗ ಗುನುಗಿ, ಟಿವಿ ನೋಡುವಾಗ ಗುನುಗಿ, ಸುಮ್ಮನೆ ಕೂತಾಗಲಂತೂ ಗುನುಗಲೇಬೇಕು. ಹಲವು ಭಾನುವಾರ ಕಳೆದ ಮೇಲೆ ಅನೂಪ್ ಅವರನ್ನು ಆಳಕ್ಕೆ ಕರೆದೊಯ್ದ. ಈ ಸಲ ಬೆನ್ನು ತಿರುಗಿಸದೆ, ಕೈಗೆಟುಕುವಷ್ಟು ಹತ್ತಿರ, ಎದುರಿಗೇ ಕೂತ. ನಾನು ಏಣಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಸೌಟು ಹಿಡಿದಿದ್ದೆ. ಗೌರಮ್ಮ ನನ್ನ ಹೆಗಲು ಹಿಡಿದು ಬಗ್ಗಿ ನೋಡುತ್ತಿದ್ದರು.

ಯೋಗದ ಸಾರ್ ಕಣ್ಣು ಮುಚ್ಚಿ ಕೂತರು, ಬೇಕೆಂದೇ ಹಾಗೆ ಕೂರಲು ಹೇಳಿದ್ದೆ. ಇಡ್ಲಿ ಪಾತ್ರೆಯ ನೀರು ಕುದಿಯುವ ಹಾಗೆ ಸಣ್ಣ ಸಣ್ಣ ಗುಳ್ಳೆಗಳು ಒಂದೇ ಸಮ ಮೇಲೆ ಬಂದವು. ನಿಲ್ಲುತ್ತವೇನೋ ಎಂದು ನೋಡಿದೆ, ನಿಲ್ಲಲಿಲ್ಲ. ಸೌಟು ಬಡಿದೆ. ತಕ್ಷಣ ಕಣ್ಣು ಬಿಟ್ಟು ಅನೂಪನ ಕಡೆ ನೋಡಿದರು, ಗುಳ್ಳೆ ಇನ್ನೂ ಜೋರಾಯಿತು.

ಅನೂಪ್ ಪಾಸ್ ಅಂದ. ನಾನು ಮುಂದಿನ ಭಾನುವಾರ ಇನ್ನೊಮ್ಮೆ ಅಂದೆ. ಮುಂದಿನ ಭಾನುವಾರವೂ ಇನ್ನೊಮ್ಮೆ ಅಂದೆ. “ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂದ ಹಂಗಾಯ್ತಲ್ಲಮ್ಮಾ” ಎಂದು ಯೋಗದ ಸಾರ್ ಕೊರಗಿದರು. ಪೂಜಾರಿಗೆ ಮನಸ್ಸು ತುಂಬಿದ ಮೇಲೆ ಗೌರಮ್ಮನವರ ಕಡೆ ತಿರುಗಿ, “ಕಳಿಸಿ ಅಮ್ಮಾ, ಹೋಗಿಬರಲಿ” ಅಂದೆ. ಅವರು ನನ್ನನ್ನು ನೋಡಿದರು, ಗಂಡನನ್ನು ನೋಡಿದರು, ಫ್ಲಾಸ್ಕಿನ ಮುಚ್ಚಳ ಬಿಗಿಮಾಡಿ “ಆಯ್ತು” ಅಂದರು.

ಶಿವರಾತ್ರಿ ಕಳೆದು ಒಂದು ತಿಂಗಳ ಮೇಲೆ ಅವರು ನೇತ್ರಾಣಿಗೆ ಹೋದರು. ಆ ಎರಡು ದಿನ ನಾನು ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ. ಭಾನುವಾರ ಸಂಜೆ ಅನೂಪನ ಫೋನ್ ಬಂತು. “ಮೇಡಂ, ಸಾರ್ ಸೂಪರ್! ಬೋಟ್ ಹತ್ತಿದ ಮೇಲೂ ಗುನುಗ್ತಾನೇ ಇದ್ರು, ಬೋಟಿನೋರು ಇವ್ರಿಗೇನಾಯ್ತು ಅಂತ ಕೇಳಿದ್ರು.” ಆಮೇಲೆ ಫೋನ್ ಯೋಗದ ಸಾರ್ ಕೈಗೆ ಹೋಯಿತು.

“ಏನ್ ನೋಡಿದ್ರಿ ಸಾರ್?”

“ಬಂಡೆ ನೋಡಿದೆನಮ್ಮಾ. ನೀರಿನ ಕೆಳಗೆ ಬಂಡೆ ಹೆಂಗಿರ್ತದೆ ಅಂತ ಕೈಯಿಂದ ಮುಟ್ಟದೆ, ಕಣ್ಣಿಂದ ನೋಡಿದೆ. ಮೀನೂ ಇದ್ವು ಅನ್ನು.” ಅವರ ದನಿ ಒದ್ದೆಯಾಗಿತ್ತು. ಬಣ್ಣಬಣ್ಣದ ಮೀನು ಬಿಟ್ಟು ಬಂಡೆ ನೋಡಿ ಅತ್ತವರು ಅವರೊಬ್ಬರೇ ಇರಬೇಕು. ನೀರಾವರಿ ಎಂಜಿನಿಯರ್ ಅಲ್ಲವೇ.

ಒಂದು ತಿಂಗಳ ಮೇಲೆ, ಹೆಂಗಸರ ಬ್ಯಾಚಿನ ಹೊತ್ತಿನಲ್ಲಿ, ಗೌರಮ್ಮ ಒಬ್ಬರೇ ಪೂಲಿನ ಗೇಟಿನಲ್ಲಿ ಕಾಣಿಸಿಕೊಂಡರು. ಓಡಿಹೋಗಿ “ಸಾರ್ ಹೇಗಿದಾರೆ?” ಎಂದೆ. ಅವರು ಆರಾಮಾಗಿ ಕೂತು, ಚೀಲದಿಂದ ಮಂಡಕ್ಕಿ ಒಗ್ಗರಣೆಯ ಡಬ್ಬಿ ತೆಗೆದು ನನ್ನ ಕೈಗಿಟ್ಟರು.

“ಅವ್ರಿಗೇನಾಗೈತಿ, ಗುಂಡುಕಲ್ಲಿನ ಹಂಗೆ ಅದಾರೆ. ಪೇಪರ್ ಓದ್ತಾ ಊಂ ಅಂತಾರೆ, ಟಿವಿ ಮುಂದೆ ಊಂ ಅಂತಾರೆ, ನಿದ್ದೇಲೂ ಒಂದೊಂದ್ಸಲ ಊಂ ಅಂತಾರೆ. ಪಕ್ಕದ ಮನೆಯೋರು ಮಿಕ್ಸಿ ಕೆಟ್ಟೈತೇನು ಅಂತ ಕೇಳಿದ್ರು.” ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ಮೂವತ್ತು ವರ್ಷ ಮೂಗಿಗೆ ಬೆರಳಿಟ್ಟು ನೋಡಿದೀನಿ ಪ್ರಮೀಳಾ. ಈಗ ಅಡುಗೆಮನೇಲಿ ಇದ್ರೂ ಕೇಳಿಸ್ತದೆ, ಅದಾರೆ ಅಂತ. ರಾತ್ರಿ ನಿದ್ದೆ ಬರ್ತದೆ ನಂಗೆ.”

ನನ್ನ ಕಣ್ಣು ತುಂಬಿ ಬಂತು. ತಪ್ಪನ್ನು ಮಂಡಕ್ಕಿಯ ಹಸಿಮೆಣಸಿನಕಾಯಿಯ ಮೇಲೆ ಹಾಕಿದೆ.

ಆಮೇಲೆ ಹತ್ತು ವರ್ಷ ಅದೇ ಕೊಳದಲ್ಲಿ ದುಡಿದೆ. ಹೊಸದಾಗಿ ಸೇರಿದ ಲೈಫ್‌ಗಾರ್ಡುಗಳಿಗೆ ಕಲಿಸುವಾಗ ‘ಧುಮುಕು, ಮೇಲಕ್ಕೆ ತಾ’ ಎಂಬ ಪಾಠದ ಹಿಂದೆ ಒಂದು ಮಾತು ಸೇರಿಸುತ್ತಿದ್ದೆ: ಮೊದಲು ಆ ಮನುಷ್ಯನ ಉಸಿರು ನೋಡು. ಎಲ್ಲರನ್ನೂ ಮೇಲಕ್ಕೆತ್ತಿಯೇ ಉಳಿಸಲಾಗುವುದಿಲ್ಲ. ಕೆಲವರನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ, ಆಗ ದಡದಲ್ಲಿರುವವರು ಬೈದರೂ ಬೈಸಿಕೊಳ್ಳಬೇಕಾಗುತ್ತದೆ. ಇಷ್ಟು ಹೇಳಿ ಸೌಟು ತೋರಿಸುತ್ತಿದ್ದೆ.

ಗೌರಮ್ಮ ಆ ದಿನ ಬಂದದ್ದು ಬರೀ ಮಂಡಕ್ಕಿ ಕೊಡಲಿಕ್ಕಲ್ಲ. ಡಬ್ಬಿ ಖಾಲಿಯಾದ ಮೇಲೆ ಹೆಂಗಸರ ಬ್ಯಾಚಿನ ಕಡೆ ಕಣ್ಣು ಹಾಯಿಸಿ, ಸೆರಗು ಸರಿಮಾಡಿಕೊಂಡು, ನಾನೂ ಈಜು ಕಲೀತೀನಿ ಅಂದರು. ಮಾರನೆಯ ದಿನ ನಾಲ್ಕಡಿ ನೀರಿನ ಮೊದಲ ಮೆಟ್ಟಿಲಿನ ಮೇಲೆ ನಿಂತು, ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ನನ್ನ ಕಡೆ ತಿರುಗಿದರು.

“ನೋಡವ್ವಾ ಪ್ರಮೀಳಾ, ಈಗ್ಲೇ ಹೇಳಿರ್ತೀನಿ. ನನ್ನ ಮಾತ್ರ ಮೇಲಕ್ಕೇ ಎಳೀಬೇಕು!”